ಪೇಟೆಗೆ ಕಲ್ಲು ಹಾಸುವ ಮೊದಲು

ನಗರಸಭೆಯ ಮೀಟಿಂಗುಗಳಲ್ಲಿ ಒಂದು ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ. ಅಗಲವಾದ ಗ್ರಾನೈಟ್ ಫುಟ್‌ಪಾತ್, ಸಾಲಾಗಿ ದೀಪದ ಕಂಬ, ಕಲ್ಲಿನ ಬೆಂಚು, ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತ ಹುಡುಗಿ. ಕೆಳಗೆ ದಪ್ಪ ಅಕ್ಷರದಲ್ಲಿ 'ಪೇಟೆಯ ಪುನಶ್ಚೇತನ'. ಆ ಚಿತ್ರದಲ್ಲಿ ಮೀನಿನ ಬುಟ್ಟಿ ಹೊತ್ತವರು ಯಾರೂ ಇರುವುದಿಲ್ಲ. ಯಾರ ಕೈಯಲ್ಲೂ ಕೊಡೆ ಇರುವುದಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಕರಾವಳಿಯ ಊರಿಗೆ ಮಾಡಿದ ಚಿತ್ರದಲ್ಲೂ ಇರುವುದಿಲ್ಲ!

ಟೌನ್ ಪ್ಲಾನಿಂಗ್ ನನ್ನ ಕಸುಬು. 'ನಮ್ಮ ಪೇಟೆ ಸತ್ತುಹೋಗ್ತಿದೆ, ಏನಾದರೂ ಮಾಡಿ' ಎಂದು ಯಾರಾದರೂ ಕರೆದರೆ ನಾನು ಮೊದಲು ಕೇಳುವುದು ಎರಡು ಪ್ರಶ್ನೆ. ಹಿಂದೆ ಇಲ್ಲಿಗೆ ಜನ ಯಾವ ಕೆಲಸಕ್ಕೆ ಬರುತ್ತಿದ್ದರು? ಈಗ ಅದೇ ಕೆಲಸಕ್ಕೆ ಎಲ್ಲಿಗೆ ಹೋಗುತ್ತಾರೆ? ಕಲ್ಲು, ದೀಪ, ಬೆಂಚಿನ ಮಾತೆಲ್ಲ ಆಮೇಲೆ.

ಉಡುಪಿಯನ್ನು ನೋಡಿ. 2011ರ ಜನಗಣತಿಯಲ್ಲಿ ಸುಮಾರು 1.45 ಲಕ್ಷ ಜನರಿದ್ದ ಊರು. ದೊಡ್ಡದೇನಲ್ಲ. ಆದರೂ 1906ರಲ್ಲಿ ಇಲ್ಲಿ ಒಂದು ಬ್ಯಾಂಕು ಹುಟ್ಟಿತು, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1925ರಲ್ಲಿ ಇನ್ನೊಂದು ಹುಟ್ಟಿತು, ಅದು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಪಿಗ್ಮಿ ಎಂಬ ದಿನದಿನದ ಉಳಿತಾಯ ಶುರು ಮಾಡಿದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಏಜೆಂಟರೇ ಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಅಂಗಡಿಗೆ ಅಂಗಡಿ ಅಂಟಿಕೊಂಡ ಬೀದಿಗಳಿದ್ದರೆ ಮಾತ್ರ ಇಂಥ ಲೆಕ್ಕ ಕೂಡಿಬರುತ್ತದೆ. ಒಂದೊಂದು ಎರಡಾಣೆಗೂ ಮೈಲಿ ನಡೆಯಬೇಕಾದರೆ ಚಪ್ಪಲಿ ಸವೆದ ಖರ್ಚೂ ಗಿಟ್ಟುವುದಿಲ್ಲ, ಅಲ್ವಾ? ಪೇಟೆಯ ಬಂಡವಾಳ ಏನು ಎಂದು ಯಾರಾದರೂ ಕೇಳಿದರೆ ನಾನು ಈ ಏಜೆಂಟರ ಸಂಜೆಯ ನಡಿಗೆಯನ್ನೇ ಹೇಳುತ್ತೇನೆ.

ಆಮೇಲೆ ಒಂದೊಂದೇ ಹೊರಟಿತು. ಸಿಂಡಿಕೇಟ್ ಬ್ಯಾಂಕಿನ ಕೇಂದ್ರ ಕಚೇರಿ 1964ರಲ್ಲಿ ಐದು ಕಿಲೋಮೀಟರ್ ಆಚೆಯ ಮಣಿಪಾಲಕ್ಕೆ ಹೋಯಿತು. 1997ರಲ್ಲಿ ಉಡುಪಿ ಜಿಲ್ಲೆಯಾಯಿತು, ಜಿಲ್ಲಾಧಿಕಾರಿ ಕಚೇರಿ ಕೊನೆಗೆ ನೆಲೆ ನಿಂತದ್ದು ಮಣಿಪಾಲದ ರಜತಾದ್ರಿ ಎಂಬ ಕಚೇರಿ ಸಂಕೀರ್ಣದಲ್ಲಿ. ಕೆಎಸ್‌ಆರ್‌ಟಿಸಿ ನಿಲ್ದಾಣ ಪೇಟೆಯಾಚೆಯ ಬನ್ನಂಜೆಗೆ ಹೋಯಿತು. ಒಂದೊಂದಕ್ಕೂ ಅದರದೇ ಕಾರಣವಿತ್ತು, ಜಾಗ ಸಾಲದು ಅನ್ನುವುದು ಸುಳ್ಳೂ ಆಗಿರಲಿಲ್ಲ. ಆದರೆ ಕಚೇರಿ ಹೋಗುವಾಗ ಒಂದೇ ಹೋಗುವುದಿಲ್ಲ. ಅರ್ಜಿ ಬರೆದುಕೊಡುವವರು, ಜೆರಾಕ್ಸ್ ಅಂಗಡಿ, ಹನ್ನೊಂದು ಗಂಟೆಯ ಚಾ ಮತ್ತು ಗೋಳಿಬಜೆ, 'ಹೇಗೂ ಬಂದಾಯ್ತಲ್ಲ' ಎಂದು ಕೊಳ್ಳುವ ಅರ್ಧ ಕೇಜಿ ಮೆಣಸು, ಎಲ್ಲವೂ ಹಿಂದೆ ಹಿಂದೆಯೇ ಹೊರಡುತ್ತವೆ. ಘಟ್ಟದ ಮೇಲಿನ ಊರುಗಳಲ್ಲೂ ಇದೇ ಕಥೆ. ಎಪಿಎಂಸಿ ಯಾರ್ಡ್ ಊರಾಚೆ, ಮಿನಿ ವಿಧಾನಸೌಧ ಊರಾಚೆ, ಬೈಪಾಸ್ ಊರಾಚೆ. ಹತ್ತು ವರ್ಷ ಬಿಟ್ಟು ಪೇಟೆಗೆ ಏನಾಯಿತು ಅಂತ ವರದಿ ಬರೆಸುತ್ತಾರೆ.

ಹಾಗಾದರೆ ಉಡುಪಿಯ ಪೇಟೆಯಲ್ಲಿ ಉಳಿದಿರುವುದು ಏನು? ರಥಬೀದಿ. ಮಧ್ಯದಲ್ಲಿ ಅನಂತೇಶ್ವರ, ಚಂದ್ರಮೌಳೀಶ್ವರ, ಕೃಷ್ಣಮಠ, ಸುತ್ತಲೂ ಅಷ್ಟಮಠಗಳು. ಅಲ್ಲಿ ವಾಹನಗಳಿಗೆ ಕಡಿವಾಣವಿದೆ, ಜನ ಬೀದಿಯ ನಡುವೆಯೇ ಆರಾಮಾಗಿ ನಡೆಯುತ್ತಾರೆ. ಇದನ್ನು ನೋಡಿ ಬಂದವರು ತಮ್ಮೂರಲ್ಲೂ 'ವಾಹನ ನಿಲ್ಲಿಸಿಬಿಡೋಣ, ಪೇಟೆ ಎದ್ದು ಕೂರುತ್ತದೆ' ಅನ್ನುತ್ತಾರೆ. ಅಷ್ಟು ಸುಲಭ ಅಲ್ಲ ಮಾರಾಯ್ರೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಕಲಮಜೂ ಎಂಬ ಸಣ್ಣ ನಗರವಿದೆ. ವಿಕ್ಟರ್ ಗ್ರೂಯೆನ್ ಎಂಬ ವಾಸ್ತುಶಿಲ್ಪಿ ಅದರ ಪೇಟೆಗೆ ಯೋಜನೆ ಮಾಡಿಕೊಟ್ಟರು. ತಮಾಷೆ ಏನೆಂದರೆ, ಪೇಟೆಯ ವ್ಯಾಪಾರ ಕಿತ್ತುಕೊಂಡ, ಎಲ್ಲ ಅಂಗಡಿ ಒಂದೇ ಸೂರಿನಡಿ ಇರುವ ಮಾಲ್‌ಗಳನ್ನು ಶುರು ಮಾಡಿದವರೂ ಇವರೇ. 1959ರಲ್ಲಿ ಆ ಊರಿನ ಮುಖ್ಯ ಬೀದಿಯ ವಾಹನ ನಿಲ್ಲಿಸಿ ಹೂವಿನ ಗಿಡ, ಹುಲ್ಲು ಹಾಕಿದರು. ಅಮೆರಿಕದಲ್ಲಿ ಅದೇ ಮೊದಲು. ಗ್ರೂಯೆನ್ ಹಾಕಿಕೊಟ್ಟ ಲೆಕ್ಕದಲ್ಲಿ ಪೇಟೆಯ ಸುತ್ತ ವರ್ತುಲ ರಸ್ತೆ, ಪಾರ್ಕಿಂಗ್ ಎಲ್ಲ ಇತ್ತು. ಊರಿನವರು ಅದರಲ್ಲಿ ಸುಂದರವಾಗಿ ಕಾಣುವ ಬೀದಿಯನ್ನಷ್ಟೇ ಕಟ್ಟಿ ಉಳಿದದ್ದನ್ನು ಬಿಟ್ಟರು. 1998ರಲ್ಲಿ ಅದರ ಒಂದು ಭಾಗಕ್ಕೆ ಮತ್ತೆ ಕಾರು ಬಿಟ್ಟರು. ರಥಬೀದಿ ನಡೆಯುತ್ತಿರುವುದು ಅಲ್ಲಿ ದಿನ ಬೆಳಗಾದರೆ ಪೂಜೆ, ಊಟ, ಉತ್ಸವ ಇರುವುದರಿಂದ, ಜನ ಅಲ್ಲೇ ವಾಸ ಮಾಡುವುದರಿಂದ. ವಾಹನ ಇಲ್ಲದಿರುವುದು ಅದಕ್ಕೆ ಸಿಕ್ಕ ಅನುಕೂಲ ಅಷ್ಟೆ.

ಅದೇ ರಥಬೀದಿಯಿಂದ ನಾಲ್ಕು ಹೆಜ್ಜೆ ಆಚೆಗೆ ಬನ್ನಿ, ಬೇರೆಯೇ ಲೋಕ. ಟೂರಿಸ್ಟ್ ಬಸ್ಸು ಪಾರ್ಕಿಂಗ್ ಜಾಗದಲ್ಲಿ ನಿಲ್ಲುತ್ತದೆ. ಜನ ಇಳಿದು ದರ್ಶನ ಮಾಡಿ, ಮಠದಲ್ಲಿ ಊಟ ಮಾಡಿ, ಬಸ್ಸು ಹತ್ತಿ ಮಲ್ಪೆಗೆ ಹೋಗುತ್ತಾರೆ. ಹಿಂದಿನ ಬೀದಿಯ ಪಾತ್ರೆ ಅಂಗಡಿಯವರಿಗೆ ಅವರು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಆ ಅಂಗಡಿಯನ್ನು ಸಾಕುತ್ತಿರುವವರು ಸಿಟಿ ಬಸ್ ಸ್ಟ್ಯಾಂಡಿನಲ್ಲಿ, ಸರ್ವಿಸ್ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಸುತ್ತಮುತ್ತಲ ಹಳ್ಳಿಯವರು. ಈ ಎರಡೂ ನಿಲ್ದಾಣ ಇನ್ನೂ ಪೇಟೆಯ ಹೊಟ್ಟೆಯೊಳಗೇ ಇವೆ. ಟ್ರಾಫಿಕ್ ತಾಪತ್ರಯ ಹೌದು, ಹಾರ್ನ್ ಹೌದು. ಆದರೂ ಯಾರಾದರೂ ಅವನ್ನೂ ಊರಾಚೆ ಹಾಕೋಣ ಎಂದರೆ ನನ್ನ ಉತ್ತರ ಬೇಡ ಅಂತಲೇ. ಬಸ್ಸುಗಳು ಅಲ್ಲಿ ಗಂಟೆಗಟ್ಟಲೆ ನಿಂತು ಕಾಯುವುದನ್ನು ತಪ್ಪಿಸಿ. ನಿಲ್ದಾಣದಿಂದ ಅಂಗಡಿ ಸಾಲಿಗೆ ಮಳೆಯಲ್ಲಿ ನೆನೆಯದೆ ಹೋಗುವ ದಾರಿ ಮಾಡಿ. ಹಳೆಯ ಕಟ್ಟಡಗಳಲ್ಲಿ ಹಂಚಿನ ಮಾಡು ಜಗಲಿಯಿಂದ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ರಸ್ತೆ ಅಗಲ ಮಾಡುವಾಗ ಮೊದಲು ಕತ್ತರಿಸಿದ್ದು ಅದನ್ನೇ. ಮೂರಡಿ ರಸ್ತೆ ಸಿಕ್ಕಿತು, ಬೈಕುಗಳು ಅಲ್ಲಿ ನಿಂತವು, ನಡೆಯುವವರು ಮಳೆಗೆ ಬಿದ್ದರು.

ಇನ್ನು ಮೆಟ್ಟಿಲಿನ ವಿಷಯ. ಇದನ್ನು ಯಾವ ವರದಿಯಲ್ಲೂ ನಾನು ಕಂಡಿಲ್ಲ, ಆದರೆ ಊರಿಂದ ಊರಿಗೆ ಕಣ್ಣಿಗೆ ಬಿದ್ದಿದೆ. ಹಳೆ ಪೇಟೆಯ ಕಟ್ಟಡಗಳಲ್ಲಿ ಕೆಳಗೆ ಅಂಗಡಿ, ಉಪ್ಪರಿಗೆಯಲ್ಲಿ ಮನೆ. ಅಂಗಡಿಯ ಪಕ್ಕದಲ್ಲಿ ಮೂರಡಿ ಅಗಲದ ಬಾಗಿಲು, ಒಳಗೆ ಕಡಿದಾದ ಮರದ ಮೆಟ್ಟಿಲು. ಮಕ್ಕಳು ಬೆಂಗಳೂರಿಗೋ ದುಬೈಗೋ ಹೋದರು, ಮನೆಯವರು ಲೇಔಟಿನಲ್ಲಿ ಹೊಸ ಮನೆ ಕಟ್ಟಿದರು. ಅಂಗಡಿಯ ಬಾಡಿಗೆದಾರ ಕೇಳಿದ: 'ಹೇಗೂ ಮೇಲೆ ಯಾರಿಲ್ಲ, ಆ ಮೂರಡಿಯನ್ನೂ ಕೊಡಿ, ಶೋಕೇಸ್ ಅಗಲ ಮಾಡ್ತೇನೆ.' ಮೆಟ್ಟಿಲು ಹೋಯಿತು. ಅಲ್ಲಿಗೆ ಮೇಲಿನ ಮನೆಗೆ ದಾರಿಯೇ ಇಲ್ಲ. ಒಂದು ಊರಿನಲ್ಲಿ ಬಟ್ಟೆ ಅಂಗಡಿಯ ಯಜಮಾನರ ಜೊತೆ ಹಿತ್ತಿಲಿನಿಂದ ಏಣಿ ಹಾಕಿಕೊಂಡು ನಾನು ಮೇಲೆ ಹತ್ತಿದ್ದೆ. ಉಯ್ಯಾಲೆಯ ಸರಪಳಿ ಇನ್ನೂ ನೇತಾಡುತ್ತಿತ್ತು. ಖಾಲಿ ರಟ್ಟಿನ ಡಬ್ಬಿಗಳು ಸೂರಿನ ತನಕ. ಯಜಮಾನರು ಕಿಟಕಿಯ ಚಿಲಕವನ್ನು ಬಡಿದು ಬಡಿದು ತೆಗೆದು, ಬೀದಿಯನ್ನು ಸ್ವಲ್ಪ ಹೊತ್ತು ನೋಡಿ, 'ಅಮ್ಮ ಇಲ್ಲಿಂದಲೇ ತರಕಾರಿ ಚೌಕಾಸಿ ಮಾಡ್ತಿದ್ದರು' ಎಂದರು.

ರಾತ್ರಿ ಎಂಟೂವರೆಗೆ ಶಟರ್ ಎಳೆದ ಮೇಲೆ ಪೇಟೆ ಭಣಗುಟ್ಟುವುದಕ್ಕೆ ಇದೇ ಕಾರಣ. ಮೇಲೆ ಜನ ಇದ್ದರೆ ಹಾಲಿನ ಅಂಗಡಿ, ಮೆಡಿಕಲ್, ಇಡ್ಲಿ ಗಾಡಿ ತಾವಾಗಿ ಉಳಿಯುತ್ತವೆ. ಹಾಗಾಗಿ ಪೇಟೆಯ ಯೋಜನೆ ಮಾಡುವಾಗ ನನ್ನ ಮೊದಲ ನಕ್ಷೆ ಮೇಲಂತಸ್ತಿನದು. ಯಾವುದರಲ್ಲಿ ಜನ ಇದ್ದಾರೆ, ಯಾವುದು ಗೋಡೌನು, ಯಾವುದಕ್ಕೆ ಮೆಟ್ಟಿಲೇ ಇಲ್ಲ. ಎರಡು ಮೂರು ಕಟ್ಟಡಕ್ಕೆ ಸೇರಿ ಹಿಂದುಗಡೆಯಿಂದ ಒಂದು ಮೆಟ್ಟಿಲು ಕಟ್ಟಿದರೆ ನಾಲ್ಕೈದು ಮನೆ ಬಳಕೆಗೆ ಬರುತ್ತವೆ. ಮಣಿಪಾಲದ ಕಡೆ ಕೆಲಸಕ್ಕೆ ಹೋಗುವ ನರ್ಸುಗಳು, ಹೊಸದಾಗಿ ಸೇರಿದ ಬ್ಯಾಂಕಿನವರು ಬಾಡಿಗೆ ಮನೆ ಹುಡುಕುತ್ತಲೇ ಇರುತ್ತಾರೆ. ಇದರಲ್ಲಿ ನಿಜವಾದ ಕಷ್ಟ ಕಟ್ಟುವುದಲ್ಲ, ಪಾಲುದಾರರದ್ದು. ಐದು ಜನ ಅಣ್ಣತಮ್ಮಂದಿರು, ಒಬ್ಬರ ಸಹಿ ಮುಂಬೈಯಲ್ಲಿ. ಇಂಥ ಕಡೆ ಎಂಜಿನಿಯರ್‌ಗಿಂತ ಒಬ್ಬ ತಾಳ್ಮೆಯ ವಕೀಲರು ಜಾಸ್ತಿ ಉಪಯೋಗಕ್ಕೆ ಬರುತ್ತಾರೆ. ಯೋಜನೆಯ ಬಜೆಟ್ಟಿನಲ್ಲಿ ಅವರ ಫೀಸಿಗೆ ಒಂದು ಸಾಲು ಮಾತ್ರ ಇರುವುದಿಲ್ಲ.

ನನ್ನದೂ ಒಂದು ತಪ್ಪು ಹೇಳಿಬಿಡುತ್ತೇನೆ. ಘಟ್ಟದ ಮೇಲಿನ ಒಂದು ಊರಿನಲ್ಲಿ ಫುಟ್‌ಪಾತಿನ ಮೇಲೆ ಬೈಕು ಹತ್ತದಂತೆ ಸಾಲಾಗಿ ಉಕ್ಕಿನ ಗೂಟ ಹಾಕಿಸಿದ್ದೆ. ಚಂದ ಕಾಣುತ್ತಿತ್ತು, ಫೋಟೋ ತೆಗೆಸಿಕೊಂಡೆವು. ಬೆಳಿಗ್ಗೆ ಆರಕ್ಕೆ ಬರುವ ಅಕ್ಕಿ ಮೂಟೆಯ ಲಾರಿ ಎಲ್ಲಿ ನಿಲ್ಲಬೇಕು ಅಂತ ಮಾತ್ರ ಯೋಚಿಸಿರಲಿಲ್ಲ. ಹಮಾಲರು ಬೆನ್ನ ಮೇಲೆ ಮೂಟೆ ಹೊತ್ತು ಗೂಟಗಳ ಸಂದಿಯಲ್ಲಿ ನುಸುಳಬೇಕಾಯಿತು. ಒಂದು ತಿಂಗಳೊಳಗೆ ಯಾರೋ ರಾತ್ರಿ ಗ್ಯಾಸ್ ಕಟರ್ ತಂದು ಆರು ಗೂಟ ಕೊಯ್ದು ಹಾಕಿದರು. ಯಾರೆಂದು ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ನಾನು ಸುಮ್ನಿದ್ದೆ. ಈಗ ಯಾವ ಊರಿಗೆ ಹೋದರೂ ಮೊದಲು ಒಂದು ಸಂತೆ ದಿನ, ಒಂದು ಮಾಮೂಲಿ ದಿನ ಬೆಳಿಗ್ಗೆ ಐದೂವರೆಯಿಂದ ನೋಟ್‌ಬುಕ್ ಹಿಡಿದು ಅಂಗಡಿ ಕಟ್ಟೆಯ ಮೇಲೆ ಕೂರುತ್ತೇನೆ. ಲೋಡ್ ಇಳಿಯುವುದು ಯಾವಾಗ, ಶಾಲೆ ಮಕ್ಕಳು ದಾಟುವುದು ಎಲ್ಲಿ, ಹೆಂಗಸರು ಯಾವ ಮೂಲೆಯನ್ನು ಸುತ್ತು ಹಾಕಿ ತಪ್ಪಿಸುತ್ತಾರೆ, ಎಲ್ಲ ಬರೆದುಕೊಳ್ಳುತ್ತೇನೆ. ಹೀಗೆ ಕೂತಾಗ ಒಂದು ವಿಷಯ ಪ್ರತಿ ಊರಲ್ಲೂ ಕಾಣುತ್ತದೆ: ಅಂಗಡಿಯ ಮುಂದೆ ಬೆಳಿಗ್ಗೆಯಿಂದ ರಾತ್ರಿ ತನಕ ನಿಂತಿರುವ ಬೈಕು ಗಿರಾಕಿಯದ್ದಲ್ಲ, ಅಂಗಡಿಯವರದ್ದೇ. 'ಪಾರ್ಕಿಂಗ್ ಇಲ್ಲದೆ ವ್ಯಾಪಾರ ಹಾಳಾಯ್ತು' ಎಂದು ಜೋರಾಗಿ ಹೇಳುವವರೂ ಅವರೇ!

ಬೀದಿಬದಿಯವರನ್ನು ಎತ್ತಿಸಿದರೆ ಪೇಟೆ ಸರಿಹೋಗುತ್ತದೆ ಅನ್ನುವವರಿಗೆ ಎರಡು ಮಾತು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಟೌನ್ ವೆಂಡಿಂಗ್ ಕಮಿಟಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು. ಸರ್ವೆಯಲ್ಲಿ ಗುರುತಿಸಿದ, ತಾನಾಗಿ ಬೆಳೆದ ಮಾರುಕಟ್ಟೆಯನ್ನು 'ವ್ಯಾಪಾರ ನಿಷೇಧ' ಎಂದು ಬೋರ್ಡ್ ಹಾಕಿ ಮುಚ್ಚುವ ಹಾಗಿಲ್ಲ. ಎರಡನೆಯದು ಕಾನೂನಿನ ಮಾತಲ್ಲ. ಉಡುಪಿಯಲ್ಲಿ ಶಂಕರಪುರ ಮಲ್ಲಿಗೆ ಮಾರುವವರ ಹತ್ತಿರ ಐದು ನಿಮಿಷ ನಿಲ್ಲಿ. ಬಾಳೆನಾರಿನಲ್ಲಿ ಕಟ್ಟಿದ ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನದಿನಕ್ಕೂ ಬೇರೆ. ಇವತ್ತು ಅಟ್ಟೆಗೆ ಎಷ್ಟು ಅಂತ ಕೇಳಲಿಕ್ಕಾದರೂ ಜನ ನಿಲ್ಲುತ್ತಾರೆ. ನಿಂತವರು ಪಕ್ಕದ ಅಂಗಡಿಗೆ ಒಂದು ಸಲ ಕಣ್ಣು ಹಾಯಿಸುತ್ತಾರೆ. ಹೂವಿನವರನ್ನು ಎಲ್ಲಿಗೋ ಕಾಂಪ್ಲೆಕ್ಸಿನ ಎರಡನೇ ಮಹಡಿಗೆ ಕಳಿಸಿದರೆ ಅವರೂ ಉಳಿಯುವುದಿಲ್ಲ, ಆ ನಿಲ್ಲುವಿಕೆಯೂ ಉಳಿಯುವುದಿಲ್ಲ. ಅವರಿಗೆ ಬೇಕಾದದ್ದು ಇಷ್ಟೇ: ಗುರುತು ಹಾಕಿದ ಆರಡಿ ಜಾಗ, ತಲೆಯ ಮೇಲೆ ಸೂರು, ಹತ್ತಿರದಲ್ಲಿ ಒಂದು ಶೌಚಾಲಯ. ಶೌಚಾಲಯದ ವಿಷಯ ಹೆಂಗಸರನ್ನು ಕೇಳಿ, ಬಿಡಿಸಿ ಹೇಳುತ್ತಾರೆ.

ಕೊನೆಗೆ ವೇಳಾಪಟ್ಟಿ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣಪೂಜೆಯ ಹೊಣೆ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ ಹಬ್ಬ. ಜೋಡುಕಟ್ಟೆಯಿಂದ ಮೆರವಣಿಗೆ ಹೊರಡುವ ದಾರಿಗೆ ಅದಕ್ಕೂ ಮೊದಲು ಡಾಂಬರು ಬೀಳಲೇಬೇಕು. ಕರಾವಳಿಯಲ್ಲಿ ಮಳೆ ಬಿಡುವುದೇ ಅಕ್ಟೋಬರಿಗೆ. ಉಳಿಯುವ ಮೂರು ತಿಂಗಳಲ್ಲಿ ಚರಂಡಿ ಅಗೆದು, ಪೈಪು ಹಾಕಿ, ಕೇಬಲ್ ಎಳೆದು, ಡಾಂಬರು ಮಾಡುವುದು ಆಗದ ಮಾತು. ಹಾಗಾಗಿ ಇಂಥ ಗಡಿಬಿಡಿಯಲ್ಲಿ ಎಲ್ಲ ಊರಿನವರೂ ಮಾಡುವುದು ಡಾಂಬರು ಒಂದನ್ನೇ. ಹಬ್ಬ ಮುಗಿದ ಮೇಲೆ ಅದನ್ನು ಅಗೆದು ಪೈಪು ಹಾಕುತ್ತಾರೆ.

ಮಠದವರು ಹೀಗೆ ಮಾಡುವುದಿಲ್ಲ. ಪರ್ಯಾಯಕ್ಕೆ ಒಂದು ವರ್ಷಕ್ಕೂ ಮೊದಲೇ ಬಾಳೆ ಮುಹೂರ್ತ ಮಾಡಿ ಕಂದು ನೆಡುತ್ತಾರೆ, ಊಟಕ್ಕೆ ಎಲೆ ಬೇಕಲ್ಲ. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಸೌದೆಯನ್ನು ಒಣಗಲು ರಥದ ಆಕಾರದಲ್ಲಿ ಒಟ್ಟಿ ಇಡುತ್ತಾರೆ. ನಗರಸಭೆಯವರಿಗೆ ನನ್ನ ಸಲಹೆ ಇದು: ಬಾಳೆ ಮುಹೂರ್ತದ ವಾರವೇ ಚರಂಡಿಯ ಟೆಂಡರ್ ಕರೆಯಿರಿ. ಬೇಸಿಗೆಯಲ್ಲಿ ಅಗೆಯುವುದು, ಪೈಪು ಹಾಕುವುದು ಮುಗಿಯಲಿ. ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಅಂತ ಕೊಡೆ ಹಿಡಿದು ಓಡಾಡಿ ನೋಡಿ, ಗುರುತು ಹಾಕಿಕೊಳ್ಳಿ. ಅಕ್ಟೋಬರಿನಲ್ಲಿ ಅದನ್ನು ಸರಿಪಡಿಸಿ. ಡಿಸೆಂಬರಿನಲ್ಲಿ ಬೇಕಾದರೆ ಕಲ್ಲು ಹಾಸಿ, ಬೆಂಚೂ ಹಾಕಿ.