ಬಾಂಡ್ ಎಂಬ ದೋಟಿ

2022ರ ಮೇ ತಿಂಗಳಲ್ಲಿ ನಮ್ಮ ಮಾವ ಫೋನ್ ಮಾಡಿದರು. "ಸರ್ಕಾರ ಏನಾದ್ರೂ ದಿವಾಳಿ ಆಗ್ತಿದೆಯೇನೋ?" ಅಂತ ಕೇಳಿದರು. ನಿವೃತ್ತಿಯಾದಾಗ ಬಂದ ದುಡ್ಡಿನಲ್ಲಿ ಒಂದು ಪಾಲನ್ನು ಗಿಲ್ಟ್ ಫಂಡಿಗೆ ಹಾಕಿದ್ದರು. ಅದು ಹೆಚ್ಚಾಗಿ ಸರ್ಕಾರಿ ಬಾಂಡುಗಳನ್ನೇ, ಅಂದರೆ ಸರ್ಕಾರ ಸಾಲ ಎತ್ತಿ ಬರೆದುಕೊಡುವ ಪತ್ರಗಳನ್ನೇ, ಕೊಳ್ಳುವ ಫಂಡ್. ಮೊಬೈಲ್ ತೆರೆದು ನೋಡಿದರೆ ಕೆಂಪು ಅಕ್ಷರದಲ್ಲಿ ಮೈನಸ್. "ಎಫ್‌ಡಿ ಥರಾನೇ, ಕಮ್ಮಿ ಆಗೋ ಮಾತೇ ಇಲ್ಲ ಅಂದಿದ್ರು" ಅಂತ ನೊಂದುಕೊಂಡರು.

ಸರ್ಕಾರ ಒಂದು ಪೈಸೆ ಬಡ್ಡಿಯನ್ನೂ ಬಾಕಿ ಇಟ್ಟಿರಲಿಲ್ಲ. ಆ ಮೇ 4ರಂದು ರಿಸರ್ವ್ ಬ್ಯಾಂಕ್ ದಿಢೀರನೆ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿಯನ್ನು, ಶೇ 4ರಿಂದ ಶೇ 4.40ಕ್ಕೆ ಏರಿಸಿತ್ತು, ಅಷ್ಟೇ. ಬಡ್ಡಿ ಏರಿದರೆ ಬಾಂಡಿನ ಬೆಲೆ ಇಳಿಯುತ್ತದೆ. "ಬಡ್ಡಿ ಏರಿದ್ರೆ ಸಾಲ ಕೊಟ್ಟವನಿಗೆ ಒಳ್ಳೇದಲ್ವಾ?" ಅನ್ನುವುದು ಮಾವನ ತಕರಾರು. ಓದಿಕೊಂಡವರೂ ಇಲ್ಲೇ ಎಡವುತ್ತಾರೆ. ಸುರಕ್ಷಿತ ಅಂದರೆ ಬೆಲೆ ಅಲ್ಲಾಡುವುದಿಲ್ಲ ಅಂತ ನಂಬಿಸಿ ಬಾಂಡ್ ಮಾರುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಈ ಗಂಟು ಬಿಚ್ಚಲು ನನಗೆ ತುಂಬಾ ಇಷ್ಟವಾದ ಒಂದು ಪತ್ರವಿದೆ. ಮೇಕೆಯ ಚರ್ಮದ ಮೇಲೆ ಬರೆದದ್ದು, 1648ರದ್ದು. ನೆದರ್ಲೆಂಡ್ಸಿನ ಲೆಕ್ ನದಿಯ ದಡ ಕಾಯುವ ಕಟ್ಟೆಗಾಗಿ ಅಲ್ಲಿನ ನೀರು ಮಂಡಳಿ 1,000 ಗಿಲ್ಡರ್ ಸಾಲ ಎತ್ತಿತು. ಬಡ್ಡಿ ಶೇ 5. ಅಸಲು ತೀರಿಸುವ ದಿನಾಂಕ ಇಲ್ಲವೇ ಇಲ್ಲ. ಪತ್ರ ಯಾರ ಕೈಯಲ್ಲಿದೆಯೋ ಅವರಿಗೆ ಬಡ್ಡಿ, ಎಂದೆಂದಿಗೂ. ಕೊಟ್ಟ ಬಡ್ಡಿಯನ್ನು ಆ ಚರ್ಮದ ಮೇಲೇ ಬರೆದಿಡುತ್ತಿದ್ದರು. ಜಾಗ ಸಾಲದೆ 1944ರಲ್ಲಿ ಒಂದು ಕಾಗದ ಜೋಡಿಸಿದರು. ಮಧ್ಯೆ ದರವನ್ನು ಶೇ 2.5ಕ್ಕೆ ಇಳಿಸಿದ್ದೂ ಆಯಿತು. ಈಗ ಅದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬಳಿ ಇದೆ. 2015ರಲ್ಲಿ ಅಲ್ಲಿನ ಗ್ರಂಥಾಲಯದ ಕ್ಯುರೇಟರ್ ನೆದರ್ಲೆಂಡ್ಸಿಗೆ ಹೋಗಿ 12 ವರ್ಷದ ಬಡ್ಡಿ ವಸೂಲು ಮಾಡಿಕೊಂಡು ಬಂದರು. ಸಿಕ್ಕಿದ್ದು 136 ಯೂರೊ 20 ಸೆಂಟ್. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇಂಥದೇ ಒಂದು ಪತ್ರ ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ. ವರ್ಷಕ್ಕೆ 5 ರೂಪಾಯಿ, ಕೊನೆಯೇ ಇಲ್ಲ. ಪೇಟೆಯಲ್ಲಿ ಬಡ್ಡಿ ಶೇ 5 ಇದ್ದಾಗ ಅದಕ್ಕೆ 100 ರೂಪಾಯಿ ಸಿಗುತ್ತದೆ. ಪೇಟೆಯ ಬಡ್ಡಿ ಶೇ 10 ಆಯಿತು ಅನ್ನಿ. ಈಗ 50 ರೂಪಾಯಿ ಎಲ್ಲಿಟ್ಟರೂ 5 ರೂಪಾಯಿ ಬರುತ್ತದೆ. ನಿಮ್ಮ ಪತ್ರಕ್ಕೆ 100 ಯಾರು ಕೊಡುತ್ತಾರೆ? 50ಕ್ಕೆ ಇಳಿಯಲೇಬೇಕು. ಬಡ್ಡಿ ಶೇ 2.5 ಆದರೆ ಅದೇ ಪತ್ರಕ್ಕೆ 200. ವರ್ಷಕ್ಕೆ ಇಷ್ಟೇ ಕಾಯಿ ಬಿಡುವ ತೆಂಗಿನ ಮರ ಇದ್ದ ಹಾಗೆ. ನಿಮ್ಮ ಮರ ಬದಲಾಗಿಲ್ಲ, ಪಕ್ಕದ ತೋಟಗಳು ಬದಲಾದವು. ಕೊನೆಯಿಲ್ಲದ ಇಂಥ ಪತ್ರಕ್ಕೆ 'ಬಾಂಡ್ ಇಳುವರಿ' ಅಂದರೆ ಆ 5 ರೂಪಾಯಿಯನ್ನು ಇವತ್ತಿನ ಬೆಲೆಯಿಂದ ಭಾಗಿಸಿದ್ದು. ಪತ್ರಿಕೆಗಳು ಬರೆಯುವ ಮಾಮೂಲಿ ಬಾಂಡುಗಳ ಇಳುವರಿಯಲ್ಲಿ ಕೊನೆಗೆ ಸಿಗುವ ಅಸಲೂ ಲೆಕ್ಕಕ್ಕೆ ಸೇರುತ್ತದೆ. ಬೆಲೆ ಇಳಿದದ್ದೂ ಇಳುವರಿ ಏರಿದ್ದೂ ಒಂದೇ ಸುದ್ದಿ.

ಬಾಂಡಿನಲ್ಲಿ ಬಡ್ಡಿಗೆ ಕೂಪನ್ ಅನ್ನುತ್ತಾರೆ. ಹಿಂದೆ ಬಾಂಡ್ ಹಾಳೆಯ ಜೊತೆಗೇ ಚಿಕ್ಕ ಚಿಕ್ಕ ಚೀಟಿಗಳು ಅಚ್ಚಾಗಿರುತ್ತಿದ್ದವು. ಕಂತಿನ ದಿನ ಒಂದನ್ನು ಕತ್ತರಿಸಿ ಕೊಟ್ಟರೆ ಬಡ್ಡಿ. ಹೆಸರು ಅಲ್ಲಿಂದ ಬಂತು.

ಸರಿ, ಬೆಲೆ ಎಷ್ಟು ಇಳಿಯುತ್ತದೆ? ಇದಕ್ಕೆ ಮಲೆನಾಡಿನ ಅಡಿಕೆ ತೋಟಕ್ಕೆ ಬನ್ನಿ. ಈಗ ಅಲ್ಲಿ ಕಾರ್ಬನ್ ಫೈಬರಿನ ದೋಟಿ, ಅಂದರೆ ಮರದ ತುದಿ ಮುಟ್ಟುವ ಉದ್ದನೆಯ ಕೋಲು, ಬಂದಿದೆ. ನೆಲದ ಮೇಲೆ ನಿಂತೇ ಅಡಿಕೆ ಗೊನೆ ಇಳಿಸಬಹುದು. ಹಿಡಿದು ನೋಡಿದವರಿಗೆ ಗೊತ್ತು, ಮಣಿಕಟ್ಟು ಒಂಚೂರು ಅಲುಗಿದರೂ ಮೇಲೆ ತುದಿ ಮಾರುದ್ದ ತೂಗಾಡುತ್ತದೆ. ಅದೇ ಕೈಯಲ್ಲಿ ಮೊಳದುದ್ದದ ಕೋಲು ಹಿಡಿದರೆ ತುದಿ ಅಲುಗಿದ್ದು ಗೊತ್ತೇ ಆಗುವುದಿಲ್ಲ. ಬಾಂಡಿನ ಅವಧಿಯೇ ಅದರ ಉದ್ದ. ಶೇ 6 ಬಡ್ಡಿಯ, 100 ರೂಪಾಯಿ ಮುಖಬೆಲೆಯ ಬಾಂಡುಗಳನ್ನು ತಗೊಳ್ಳಿ. ಪೇಟೆಯ ಬಡ್ಡಿ ಶೇ 8 ಆಯಿತು. ಒಂದು ವರ್ಷ ಬಾಕಿ ಇರುವ ಬಾಂಡ್ ಸುಮಾರು 98ಕ್ಕೆ ಇಳಿಯುತ್ತದೆ. 10 ವರ್ಷದ್ದು 87ರ ಹತ್ತಿರಕ್ಕೆ, 30 ವರ್ಷದ್ದು 77ರ ಹತ್ತಿರಕ್ಕೆ. ಮೇಕೆ ಚರ್ಮದಂಥ ಕೊನೆಯಿಲ್ಲದ್ದು ನೇರ 75ಕ್ಕೆ. ಅಲುಗಾಟ ಒಂದೇ, ಉದ್ದ ಬೇರೆ ಬೇರೆ.

ಈ ಉದ್ದವನ್ನು ಮರೆತದ್ದಕ್ಕೇ 2023ರಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿತು. ಅದರ ಕೈಯಲ್ಲಿ ಜಾಸ್ತಿ ಇದ್ದದ್ದು ಅಮೆರಿಕ ಸರ್ಕಾರದ ಮತ್ತು ಅದರ ಬೆಂಬಲವಿದ್ದ ಗೃಹಸಾಲದ ಬಾಂಡುಗಳು, ಬಡ್ಡಿ ನೆಲಕಚ್ಚಿದ್ದ ಕಾಲದಲ್ಲಿ ಕೊಂಡವು. ಸಾಲಗಾರ ಕೈಕೊಡುತ್ತಾನೆ ಅನ್ನುವ ಭಯವೇ ಇರಲಿಲ್ಲ. ಆದರೆ ದೋಟಿ ಉದ್ದ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಒಂದೇ ವರ್ಷದಲ್ಲಿ ದರವನ್ನು ಸೊನ್ನೆಯ ಹತ್ತಿರದಿಂದ ಶೇ 4.5ರ ಮೇಲಕ್ಕೆ ಒಯ್ದಿತು. ಮಾರ್ಚ್ 8ರಂದು ಬ್ಯಾಂಕು, ಸುಮಾರು 21 ಶತಕೋಟಿ ಡಾಲರಿನ ಬಾಂಡುಗಳನ್ನು 1.8 ಶತಕೋಟಿ ನಷ್ಟಕ್ಕೆ ಮಾರಿದ್ದಾಗಿ ಹೇಳಿತು. ಮರುದಿನ ಗ್ರಾಹಕರು 42 ಶತಕೋಟಿ ಹಿಂತೆಗೆದರು. 10ರಂದು ಬಾಗಿಲು ಮುಚ್ಚಿತು. ಅಲ್ಲಿ ಖಾತೆ ಇದ್ದ ಬೆಂಗಳೂರಿನ ಸ್ಟಾರ್ಟಪ್‌ಗಳವರಿಗೂ ಆ ಶನಿವಾರ ಭಾನುವಾರ ನಿದ್ದೆ ಇರಲಿಲ್ಲ.

ರಿಸರ್ವ್ ಬ್ಯಾಂಕಿನ ಬಡ್ಡಿ ನೀತಿ ಕೆಲಸ ಮಾಡುವುದೂ ಈ ದೋಟಿಯ ಮೂಲಕವೇ. ರೆಪೊ ಅಲ್ಪಾವಧಿಯ ದರ, ಅಂದರೆ ಕೈ ಹಿಡಿದಿರುವ ಬುಡ. ಕಾರ್ಖಾನೆ, ರಸ್ತೆ, ಸರ್ಕಾರದ ದೊಡ್ಡ ಸಾಲ ಇವಕ್ಕೆಲ್ಲ ಬೇಕಾದದ್ದು ತುದಿ, ಅಂದರೆ ದೀರ್ಘಾವಧಿಯ ಬಡ್ಡಿ. ಬುಡ ಅಲುಗಿಸಿದರೆ ತುದಿ ಬರುತ್ತದೆ ಅನ್ನುವುದು ಲೆಕ್ಕ. ಆದರೆ ಕೆಲವು ಸಲ ಬರುವುದಿಲ್ಲ. 2019ರಲ್ಲಿ ರಿಸರ್ವ್ ಬ್ಯಾಂಕ್ ರೆಪೊವನ್ನು ಶೇ 6.5ರಿಂದ 5.15ಕ್ಕೆ ಇಳಿಸಿದರೂ ದೀರ್ಘಾವಧಿಯ ಬಡ್ಡಿ ಅಷ್ಟು ಇಳಿಯಲಿಲ್ಲ. ಡಿಸೆಂಬರ್ 23ರಂದು ಬ್ಯಾಂಕು ನೇರ ತುದಿಗೇ ಕೈ ಹಾಕಿತು. 10,000 ಕೋಟಿ ರೂಪಾಯಿಯ ದೀರ್ಘಾವಧಿ ಬಾಂಡ್ ಕೊಂಡು, ಜೊತೆಗೇ ಅಲ್ಪಾವಧಿಯದನ್ನು ಮಾರಿತು. ಕೊಳ್ಳುವವರು ಹೆಚ್ಚಾದರೆ ಬೆಲೆ ಏರುತ್ತದೆ, ಇಳುವರಿ ಇಳಿಯುತ್ತದೆ. ಪೇಟೆಯವರು ಇದನ್ನು 'ಆಪರೇಷನ್ ಟ್ವಿಸ್ಟ್' ಅಂದರು. ಅಮೆರಿಕ 1961ರಲ್ಲೇ ಇದನ್ನು ಮಾಡಿತ್ತು. ಆಗ ಅಲ್ಲಿ ಎಲ್ಲರೂ ಕುಣಿಯುತ್ತಿದ್ದ ಟ್ವಿಸ್ಟ್ ನೃತ್ಯದ ಹೆಸರೇ ಅದಕ್ಕೆ ಅಂಟಿತ್ತು.

ಮಾವನಿಗೆ ನಾನು ಹೇಳಿದ್ದು ಇನ್ನೊಂದು ವಿಷಯ. ಬಾಂಡನ್ನೇ ಕೊಂಡು ಇಟ್ಟುಕೊಂಡರೆ ದೋಟಿ ವರ್ಷವರ್ಷಕ್ಕೂ ಮೋಟಾಗುತ್ತದೆ. ಹತ್ತು ವರ್ಷದ ಬಾಂಡ್ ಒಂಬತ್ತು ವರ್ಷ ಕಳೆದ ಮೇಲೆ ಒಂದು ವರ್ಷದ ಕೋಲು. ಬೆಲೆ ತಾನಾಗಿ 100ರ ಕಡೆಗೆ ಬರುತ್ತದೆ, ಕೊನೆಯ ದಿನ ಪೂರ್ತಿ 100 ಕೈಗೆ. ಗಿಲ್ಟ್ ಫಂಡ್ ಹಾಗಲ್ಲ. ಮ್ಯಾನೇಜರ್ ಹಳೆಯದನ್ನು ಮಾರಿ ಹೊಸ ಉದ್ದದ್ದು ಕೊಳ್ಳುತ್ತಿರುತ್ತಾನೆ, ದೋಟಿ ಮೋಟಾಗುವುದೇ ಇಲ್ಲ. "ಹಾಗಾದ್ರೆ ಆ ಮೇಕೆ ಚರ್ಮದ್ದು?" ಅಂತ ಮಾವ ಕೇಳಿದರು. ಅದಕ್ಕೆ ಕೊನೆಯ ದಿನವೇ ಇಲ್ಲವಲ್ಲ. 1648ರಲ್ಲಿ ಎಷ್ಟು ಉದ್ದ ಇತ್ತೋ ಇವತ್ತಿಗೂ ಅಷ್ಟೇ ಉದ್ದ.