ಪಕ್ಕದ ಕೊಳದವರು ಮಾಡಲಿ, ನೋಡೋಣ

ಆಲೂರು ತಾಲ್ಲೂಕಿನ ಒಂದು ಕೃಷಿ ಹೊಂಡದ ಪಂಪ್‌ಮನೆಯಲ್ಲಿ ಮೊಳೆಗೆ ಶಾಲೆಯ ನೋಟ್‌ಬುಕ್ಕೊಂದು ನೇತಾಡುತ್ತಿದೆ. ಕಾಟ್ಲಾ, ರೋಹು ಮರಿ ಬಿಟ್ಟ ದಿನ, ಹಾಕಿದ ತೌಡು ಹಿಂಡಿ, ಸುಣ್ಣ, ಸತ್ತ ಮೀನಿನ ಲೆಕ್ಕ ಎಲ್ಲವೂ ಆ ಮನೆಯ ಸೊಸೆಯ ದುಂಡಗಿನ ಅಕ್ಷರದಲ್ಲಿವೆ. ಸುಸ್ಥಿರ ಮೀನು ಸಾಕಣೆಯ ಪ್ರಮಾಣಪತ್ರಕ್ಕೆ ಇಂಥ ದಾಖಲೆಯೇ ಬುನಾದಿ. ಆದರೂ ಯಜಮಾನರು ಅರ್ಜಿ ಹಾಕಲು ಒಪ್ಪಲಿಲ್ಲ. ‘ಪಕ್ಕದವರು ಮಾಡಲಿ, ನೋಡೋಣ ಸಾರ್’ ಎಂದರು.

ಈ ಮಾತನ್ನು ನಾನು ಮೊಂಡುತನವೆಂದು ಎಣಿಸುವುದಿಲ್ಲ. ಸೀಗಡಿಗೆ ಹೊರದೇಶದ ಖರೀದಿದಾರರಿದ್ದಾರೆ. ಆಂಟಿಬಯೋಟಿಕ್ ಅಂಶ ಸಿಕ್ಕರೆ ಸರಕೇ ವಾಪಸು. 2021ರಲ್ಲಿ ಕೇಂದ್ರದ ಸಾಗರೋತ್ಪನ್ನ ರಫ್ತು ಸಂಸ್ಥೆ ಎಂಪಿಡಾ ‘ಶಫರಿ’ ಪ್ರಮಾಣೀಕರಣವನ್ನು ತಂದದ್ದು ಆ ಸೀಗಡಿಯನ್ನು ಮುಂದಿಟ್ಟುಕೊಂಡೇ. ಕಾಟ್ಲಾ, ರೋಹುವಿನಂಥ ನಮ್ಮ ಗೆಂಡೆ ಮೀನು ಕೊಳದ ದಡದಲ್ಲೇ ತೂಕವಾಗಿ ಹಾಸನಕ್ಕೆ ಹೋಗುತ್ತದೆ. ಗಿರಾಕಿ ಕಿವಿರು ಎತ್ತಿ ಕೆಂಪಗಿದೆಯೇ ಎಂದು ನೋಡುತ್ತಾನೆ, ಪತ್ರ ಕೇಳುವುದಿಲ್ಲ. ಹೆಚ್ಚಿನ ಬೆಲೆ ಕಾಣದಿರುವಾಗ ರೈತ ನೋಡುವುದು ಸುತ್ತಲಿನವರ ಮುಖವನ್ನು.

ನಮ್ಮ ಕರಪತ್ರಕ್ಕಿಂತ ಮರಿ ತಂದುಕೊಡುವವರ, ಬಲೆ ಎಳೆಯುವ ತಂಡದವರ ಮಾತಿಗೆ ತೂಕ ಹೆಚ್ಚು. ಅವರು ಊರೂರಿನ ಕೊಳ ಕಂಡವರು. ಅಂಜಿಕೆ ಹಬ್ಬುವುದೂ ಇದೇ ದಾರಿಯಲ್ಲಿ. ಒಮ್ಮೆ ಪರಿಶೀಲನೆಯ ದಿನ ಒಬ್ಬರ ಕೊಳದ ಬಳಿ ಕೋಳಿ ತ್ಯಾಜ್ಯದ ಚೀಲ ಸಿಕ್ಕಿತು. ಪರಿಶೀಲಕರು ತಿದ್ದಿಕೊಳ್ಳಲು ಗಡುವು ಕೊಟ್ಟಿದ್ದರು, ಅಷ್ಟೇ. ಸಂಜೆಯೊಳಗೆ ‘ಅವರು ಫೇಲಾದರಂತೆ’ ಎಂಬ ಸುದ್ದಿ ಊರ ಹೋಟೆಲು ಮುಟ್ಟಿತ್ತು. ಹದಿನೈದು ದಿನ ಆ ರೈತರು ಹೋಟೆಲಿನತ್ತ ತಲೆಹಾಕಲಿಲ್ಲ; ಅರ್ಜಿ ತುಂಬಿದ್ದ ಮೂವರು ಹಿಂದೆ ಸರಿದರು. ಒಂದು ತಪ್ಪಿಗಿಂತ ಆ ತಪ್ಪು ಬಯಲಾದ ರೀತಿ ನಮಗೆ ದುಬಾರಿಯಾಯಿತು. ಅಂದಿನಿಂದ ಪರಿಶೀಲಕರು ಬರುವ ಮೊದಲು ರೈತರೇ ಒಬ್ಬರ ಕೊಳವನ್ನು ಮತ್ತೊಬ್ಬರು ನೋಡುವಂತೆ ಏರ್ಪಾಡು ಮಾಡುತ್ತಿದ್ದೇನೆ.

ಕಾಫಿ ಬೆಳೆಗಾರರಿಗೆ ಗುಂಪಾಗಿ ಪ್ರಮಾಣಪತ್ರ ಪಡೆಯುವುದು ಹೊಸದಲ್ಲ. ಮೀನಿಗೂ ಆ ದಾರಿಯಿದೆ, ಖರ್ಚೂ ಹಂಚಿಹೋಗುತ್ತದೆ. ಆದರೆ ಒಬ್ಬರ ಲೋಪ ಎಲ್ಲರ ತಲೆಗೆ ಬರುತ್ತದೆ. ಹಾಗಾಗಿ ಕಚೇರಿಯ ಪಟ್ಟಿ ನೋಡಿ ಗುಂಪು ಕಟ್ಟಬಾರದು. ಮೊದಲಿನಿಂದಲೂ ಮುಯ್ಯಾಳು ಮಾಡುವವರು, ಒಂದೇ ಬಲೆ ಹಂಚಿಕೊಳ್ಳುವವರು ಜೊತೆಗೂಡಬೇಕು.

ಕಳೆದ ತಿಂಗಳು ಆಲೂರಿನ ಆ ಹೊಂಡಕ್ಕೆ ಮತ್ತೆ ಹೋದಾಗ ನೆರೆಯ ಹಿರಿಯರೊಬ್ಬರು ನೋಟ್‌ಬುಕ್ ತಿರುವುತ್ತಿದ್ದರು. ‘ಸುಣ್ಣದ ಲೆಕ್ಕಕ್ಕೆ ಬೇರೆ ಪುಟ ಬೇಕೇನಮ್ಮ?’ ಎಂದು ಸೊಸೆಯನ್ನು ಕೇಳಿದರು. ಆಕೆ ಪೆನ್ನು ತಂದು ಗೆರೆ ಎಳೆದು ತೋರಿಸಿದರು. ಇಷ್ಟು ವರ್ಷ ತರಬೇತಿಗೆ ನಾವು ಕರೆದದ್ದು ಯಜಮಾನರನ್ನು ಮಾತ್ರ. ಮುಂದಿನ ಪಟ್ಟಿಯಲ್ಲಿ ಆಕೆಯ ಹೆಸರನ್ನು ಮೊದಲು ಬರೆದಿದ್ದೇನೆ.