ಎರಡು ದಾಳದಲ್ಲಿ 31 ದಿನ: ಕನ್ನಡ ಅಂಕಿ ಕೂರುತ್ತದೆಯೇ?

ಪ್ರಶ್ನೆ: ಹಳೇ ರಟ್ಟಿನಿಂದ ಮೇಜಿನ ಮೇಲಿಡುವ ದಾಳದ ಕ್ಯಾಲೆಂಡರ್ (ಎರಡು ದಾಳ ಜೋಡಿಸಿ ದಿನದಿನದ ತಾರೀಕು ತೋರಿಸುವಂಥದ್ದು) ಮಾಡಬೇಕೆಂದಿದ್ದೇನೆ. ಕನ್ನಡ ಅಂಕಿಯಲ್ಲೇ ಬೇಕು. ಆದರೆ ಎಷ್ಟು ಸಲ ಲೆಕ್ಕ ಹಾಕಿದರೂ ಒಂದು ಅಂಕಿಗೆ ಜಾಗ ಸಾಲುತ್ತಿಲ್ಲ. ಏನು ಮಾಡಲಿ?

ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಅಂಗಡಿಯಲ್ಲಿ ಸಿಗುವ ದಾಳದ ಕ್ಯಾಲೆಂಡರಿನಲ್ಲಿ ಒಂದನೇ ತಾರೀಕನ್ನು 01 ಎಂದು ತೋರಿಸುತ್ತಾರೆ. 01ರಿಂದ 09ರವರೆಗಿನ ಒಂಬತ್ತು ಅಂಕಿ ಒಂದೇ ದಾಳದ ಆರು ಮುಖದಲ್ಲಿ ಕೂರುವುದಿಲ್ಲ, ಹಾಗಾಗಿ ಸೊನ್ನೆ ಎರಡೂ ದಾಳದಲ್ಲಿ ಇರಲೇಬೇಕು. 11 ಮತ್ತು 22 ಇರುವುದರಿಂದ 1, 2 ಕೂಡ ಎರಡರಲ್ಲೂ ಬೇಕು. ಅಲ್ಲಿಗೆ ಆರು ಮುಖ ಮುಗಿಯಿತು. ಉಳಿದ ಆರು ಮುಖದಲ್ಲಿ 3ರಿಂದ 9ರವರೆಗೆ ಏಳು ಅಂಕಿ ಕೂರಬೇಕು. ಇಂಗ್ಲಿಷ್ ಅಂಕಿಯಾದರೆ 6ನ್ನು ತಲೆಕೆಳಗು ಮಾಡಿ 9 ಅಂದುಬಿಡಬಹುದು. ನಮ್ಮ ೬ ಹಾಗೆ ಮಾತು ಕೇಳುವುದಿಲ್ಲ. ನೆಟ್ಟಗೆ ನಿಂತಾಗ ೯ರ ತಮ್ಮನ ಹಾಗೆ ಕಾಣುತ್ತದೆ, ತಿರುಗಿಸಿದರೆ ಯಾವುದೂ ಅಲ್ಲ!

ಹಾಗಾದರೆ ಮುಂದಿನ ಸೊನ್ನೆಯನ್ನೇ ಬಿಟ್ಟುಬಿಡಿ. ಗೋಡೆಯ ಕ್ಯಾಲೆಂಡರಿನಲ್ಲೂ ೧ ಎಂದೇ ಇರುತ್ತದೆ, ಅಲ್ವಾ? ಮೊದಲ ಒಂಬತ್ತು ದಿನ ಒಂದೇ ದಾಳ ಇಡಿ. ಒಂದು ದಾಳದಲ್ಲಿ ೦, ೧, ೨, ೪, ೫, ೬ ಬರೆಯಿರಿ. ಇನ್ನೊಂದರಲ್ಲಿ ೧, ೨, ೩, ೭, ೮, ೯. ಹನ್ನೆರಡು ಮುಖಕ್ಕೆ ಸರಿಹೋಯಿತು. ೧೧, ೨೨, ೩೦, ೩೧ ಎಲ್ಲವನ್ನೂ ಜೋಡಿಸಿ ನೋಡಿ, ಬರುತ್ತದೆ. ದಾಳಗಳ ಎಡ ಬಲ ಮಾತ್ರ ಆಗಾಗ ಅದಲು ಬದಲು ಮಾಡಬೇಕು.

ತಿಂಗಳುಗಳಿಗೆ ರಟ್ಟಿನ ಮೂರು ಚೌಕ ಕಂಬಿ ಸಾಕು. ಒಂದೊಂದಕ್ಕೆ ನಾಲ್ಕು ಮೈ, ಒಟ್ಟು ಹನ್ನೆರಡು ತಿಂಗಳು. 5 ಸೆಂ.ಮೀ. ದಾಳ ಮಾಡಿದರೆ ಕಂಬಿಗಳು 10 ಸೆಂ.ಮೀ. ಉದ್ದ ಇರಲಿ, ಎರಡು ದಾಳದ ಕೆಳಗೆ ಸರಿಯಾಗಿ ಕೂರುತ್ತವೆ.

ರಟ್ಟಿನ ವಿಷಯ. ಟಿವಿ, ಫ್ರಿಜ್ ಬರುವ ಅಲೆಅಲೆಯ ರಟ್ಟು ದಾಳಕ್ಕೆ ಬೇಡ, ಮಡಿಕೆ ಚೂಪಾಗಿ ಬರುವುದಿಲ್ಲ. ಸ್ವೀಟ್ ಬಾಕ್ಸ್, ಷರ್ಟಿನ ಡಬ್ಬ ಒಳ್ಳೆಯದು. 20 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದಲ್ಲಿ ಆರು ಚೌಕದ ಶಿಲುಬೆ ಆಕಾರ ಬರೆದುಕೊಳ್ಳಿ. ಅಂಟು ಹಚ್ಚಲು ಅಂಚಿನಲ್ಲಿ ಒಂದೊಂದು ಸೆಂಟಿಮೀಟರ್ ಪಟ್ಟಿ ಬಿಡಿ. ಮಡಿಸುವ ಗೆರೆಯ ಮೇಲೆ ಸ್ಕೇಲ್ ಇಟ್ಟು, ಖಾಲಿಯಾದ ಬಾಲ್‌ಪೆನ್ನಿನಿಂದ ಒತ್ತಿ ಎಳೆಯಿರಿ. ಆಮೇಲೆ ಮಡಿಕೆ ತಾನಾಗಿ ಬರುತ್ತದೆ.

ಜಾಸ್ತಿ ಜನ ಕೆಡಿಸಿಕೊಳ್ಳುವುದು ರಟ್ಟಿನ ಮೇಲೆ ಚಿತ್ತಾರದ ಕಾಗದ ಅಂಟಿಸುವಾಗ. ಒದ್ದೆಯಾದ ಕಾಗದ ಹಿಗ್ಗುತ್ತದೆ, ಒಣಗುವಾಗ ಕುಗ್ಗುತ್ತದೆ. ಕುಗ್ಗುತ್ತಾ ರಟ್ಟನ್ನೂ ತನ್ನ ಕಡೆ ಎಳೆಯುತ್ತದೆ. ದಾಳದ ಮುಖ ಸೊಟ್ಟಗಾಗುವುದು ಹೀಗೆ. ಆದ್ದರಿಂದ ದಾಳ ಕಟ್ಟುವ ಮೊದಲೇ, ರಟ್ಟು ಚಪ್ಪಟೆ ಇರುವಾಗ ಅಂಟಿಸಿ. ಅಂಟು ತೆಳ್ಳಗಿರಲಿ. ಒಳಮೈಗೂ ಹಳೇ ನ್ಯೂಸ್‌ಪೇಪರ್ ಅಂಟಿಸಿದರೆ ಎರಡೂ ಕಡೆ ಎಳೆತ ಸಮ ಆಗುತ್ತದೆ. ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ ಇಡಿ.

ಚಿತ್ತಾರದ ಕಾಗದಕ್ಕೆ ನನ್ನ ಆಯ್ಕೆ ಹಳೇ ಮದುವೆ ಕರೆಯೋಲೆಗಳು. ಗಣಪತಿ ಇರುವ ಭಾಗಕ್ಕೆ ಕತ್ತರಿ ಹಾಕಲು ಮನಸ್ಸು ಬರುವುದಿಲ್ಲ, ಅದನ್ನು ಬಿಟ್ಟು ಬಳ್ಳಿ, ಹೂವಿನ ಅಂಚು ತೆಗೆದುಕೊಳ್ಳುತ್ತೇನೆ. 4.7 ಸೆಂ.ಮೀ. ಚೌಕಗಳಾಗಿ ಕತ್ತರಿಸಿ, ಸುತ್ತ ರಟ್ಟು ಸ್ವಲ್ಪ ಕಾಣುವಂತೆ ಅಂಟಿಸಿ. ಮಡಿಕೆಯ ಮೇಲೆ ಕಾಗದ ಬಿರುಕು ಬಿಡುವುದಿಲ್ಲ. ಅಂಕಿಯನ್ನು ಬಿಳಿ ಕಾಗದದ ಬಿಲ್ಲೆಯಲ್ಲಿ ಬರೆದು ಮೇಲೆ ಅಂಟಿಸಿ. ನುಣುಪು ಕಾಗದದ ಮೇಲೆ ಇಂಕು ಹರಡಿಕೊಳ್ಳುತ್ತದೆ.

ದಾಳ ಮುಚ್ಚುವ ಮೊದಲು ಒಳಗೆ ಉಂಡೆ ಮಾಡಿದ ಪೇಪರ್ ತುಂಬಿ, ಇಲ್ಲದಿದ್ದರೆ ಫ್ಯಾನಿನ ಗಾಳಿಗೇ ಉರುಳುತ್ತದೆ. ಮೊದಲ ಒಂಬತ್ತು ದಿನ ರಜೆಯಲ್ಲಿರುವ ದಾಳವನ್ನು ಹಿಂದೆ ಇಟ್ಟುಬಿಡಿ.

೬, ೯ರ ಬಾಲ ಮಾತ್ರ ಸ್ಪಷ್ಟವಾಗಿ ಬರೆಯಿರಿ. ನಾನು ಸುಮ್ನೆ ಗೀಚಿದ್ದೆ. ೧೬ನೇ ತಾರೀಕನ್ನು ೧೯ ಎಂದು ಓದಿ, ಕರೆಂಟ್ ಬಿಲ್ ಕಟ್ಟುವ ದಿನ ದಾಟಿತೆಂದು ಮನೆಯವರು ಗಾಬರಿಯಾಗಿದ್ದರು.